ಟೇಪ್ ರೆಕಾರ್ಡರಿನ ಪರವಾಗಿ

ಧಾರಾವಾಹಿ ಮುಗಿದು ವರ್ಷಗಳೇ ಉರುಳಿದರೂ ನೋಡಿದವರ ನಡುವೆ ವಾದ ಮುಗಿದಿಲ್ಲವೆಂದರೆ ಅದರಲ್ಲಿ ಇನ್ನೂ ಜೀವ ಇದೆ ಎಂದೇ ಅರ್ಥ. ಬಿಬಿಸಿಯ 'ಲೈಫ್ ಆನ್ ಮಾರ್ಸ್' ಅಂಥ ಧಾರಾವಾಹಿ. 2006ರ ಜನವರಿ 9ರಂದು ಶುರುವಾಗಿ 2007ರ ಏಪ್ರಿಲ್ 10ರಂದು ಮುಗಿಯಿತು. ಎರಡು ಸರಣಿ, ಒಟ್ಟು ಹದಿನಾರು ಕಂತು. ನಮ್ಮ ಕಡೆಯ ದೈನಿಕ ಧಾರಾವಾಹಿಗಳ ಲೆಕ್ಕದಲ್ಲಿ ಮೂರು ವಾರದ ಸರಕು. ಆದರೂ ನಮ್ಮ ಮನೆಯಲ್ಲಿ ಅದರ ಮೇಲೆ ನಡೆದಷ್ಟು ಚರ್ಚೆ ಬೇರೆ ಯಾವ ಕಥೆಯ ಮೇಲೂ ನಡೆದಿಲ್ಲ. ಆ ಚರ್ಚೆಯಲ್ಲಿ ನನ್ನದೂ ಒಂದು ಪಕ್ಷವಿದೆ. ಅದನ್ನು ಹೇಳಲೆಂದೇ ಇದನ್ನು ಬರೆಯುತ್ತಿದ್ದೇನೆ.

ಕಥೆ ತಿಳಿಯದವರಿಗೆ ನಾಲ್ಕು ಮಾತು. ಸ್ಯಾಮ್ ಟೈಲರ್ 2006ರ ಮ್ಯಾಂಚೆಸ್ಟರ್ ನಗರದ ಪೊಲೀಸ್ ಅಧಿಕಾರಿ. ನಿಯಮ ಬಿಟ್ಟು ಒಂದು ಹೆಜ್ಜೆಯನ್ನೂ ಇಡದವನು. ಕೊಲೆಗಾರನೊಬ್ಬನ ಬೆನ್ನುಹತ್ತಿದ್ದಾಗ, ಸಹೋದ್ಯೋಗಿಯೂ ಆಗಿರುವ ಅವನ ಗೆಳತಿ ಕಾಣೆಯಾಗುತ್ತಾಳೆ. ದಿಕ್ಕು ತೋಚದೆ ರಸ್ತೆ ಬದಿಯಲ್ಲಿ ಕಾರು ನಿಲ್ಲಿಸಿ ಕೆಳಗಿಳಿದವನಿಗೆ ಇನ್ನೊಂದು ಕಾರು ಬಂದು ಗುದ್ದುತ್ತದೆ. ಕಣ್ಣು ಬಿಟ್ಟರೆ 1973ನೇ ಇಸವಿ. ಮೈಮೇಲೆ ಅಗಲ ಕಾಲರಿನ ಅಂಗಿ, ಚರ್ಮದ ಜಾಕೆಟ್ಟು. ಅಪಘಾತಕ್ಕೆ ಮುಂಚೆ ಐಪಾಡ್‌ನಲ್ಲಿ ಕೇಳುತ್ತಿದ್ದ ಡೇವಿಡ್ ಬೋವಿಯ ಹಾಡೇ ಈಗ ಪಕ್ಕದಲ್ಲಿ ನಿಂತಿರುವ ಹಳೆಯ ಕಾರಿನ ಟೇಪಿನಿಂದ ಬರುತ್ತಿದೆ. ಮೊಬೈಲ್ ಬೇಕು ಎಂದರೆ ಎದುರಿಗಿರುವ ಕಾನ್‌ಸ್ಟೇಬಲ್‌ಗೆ ಅವನು ಏನು ಕೇಳುತ್ತಿದ್ದಾನೆಂದೇ ತಿಳಿಯುವುದಿಲ್ಲ. ಹೈಡ್ ಎಂಬ ಊರಿನಿಂದ ಇಲ್ಲಿಗೆ ವರ್ಗವಾಗಿ ಬಂದವನು, ಹುದ್ದೆ ಒಂದು ಮೆಟ್ಟಿಲು ಕೆಳಗಿನದು ಎಂದು ದಾಖಲೆ ಹೇಳುತ್ತದೆ. ಠಾಣೆಗೆ ಹೋದರೆ ಸಿಗರೇಟಿನ ಹೊಗೆ, ಟೈಪ್‌ರೈಟರಿನ ಸದ್ದು. ಅವುಗಳ ನಡುವೆ ಒಂಟೆಯ ಬಣ್ಣದ ಕೋಟು ತೊಟ್ಟ ಮೇಲಧಿಕಾರಿ ಜೀನ್ ಹಂಟ್. ಕಾನೂನಿನ ಪುಸ್ತಕಕ್ಕಿಂತ ತನ್ನ ಮುಷ್ಟಿಯನ್ನು ಹೆಚ್ಚು ನಂಬಿದವನು. ನಿಜಕ್ಕೂ ಹಿಂದಿನ ಕಾಲಕ್ಕೆ ಬಂದಿದ್ದೇನೆಯೇ, ಆಸ್ಪತ್ರೆಯಲ್ಲಿ ಕೋಮಾದಲ್ಲಿ ಮಲಗಿದ್ದೇನೆಯೇ, ಇಲ್ಲ ಹುಚ್ಚು ಹಿಡಿದಿದೆಯೇ ಎಂಬ ಪ್ರಶ್ನೆ ಹೊತ್ತುಕೊಂಡೇ ಸ್ಯಾಮ್ ಕೆಲಸಕ್ಕೆ ಕೂರುತ್ತಾನೆ.

ಮ್ಯಾಥ್ಯೂ ಗ್ರಹಾಂ, ಟೋನಿ ಜೋರ್ಡನ್, ಆಶ್ಲಿ ಫರೋ ಎಂಬ ಮೂವರು ಲೇಖಕರಿಗೆ ಇದು ಹೊಳೆದದ್ದು 1998ರಲ್ಲಿ, ಬ್ಲ್ಯಾಕ್‌ಪೂಲ್ ಎಂಬ ಕಡಲೂರಿನಲ್ಲಿ. ನಿರ್ಮಾಣ ಸಂಸ್ಥೆ ಕೂಡೋಸ್ ಹೊಸ ಕಥೆಗಳಿಗಾಗಿ ಅವರನ್ನು ಅಲ್ಲಿಗೆ ಕಳಿಸಿತ್ತು. ಪೊಲೀಸನೊಬ್ಬ ಕಾಲ ದಾಟುತ್ತಾನೆಂದರೆ ಯಾರು ನಂಬುತ್ತಾರೆಂಬ ಅಳುಕಿನಲ್ಲಿ ಕಥೆ ವರ್ಷಗಟ್ಟಲೆ ಮೂಲೆಯಲ್ಲಿ ಬಿದ್ದಿತ್ತು. ಕೊನೆಗೆ ತೆರೆಗೆ ಬಂದಾಗ ಸ್ಯಾಮ್ ಆಗಿ ಜಾನ್ ಸಿಮ್, ಜೀನ್ ಹಂಟ್ ಆಗಿ ಫಿಲಿಪ್ ಗ್ಲೆನಿಸ್ಟರ್ ನಟಿಸಿದರು. 2006ರಲ್ಲೂ 2008ರಲ್ಲೂ ಅಂತರರಾಷ್ಟ್ರೀಯ ಎಮ್ಮಿ ಪ್ರಶಸ್ತಿ ಬಂತು. 2007ರಲ್ಲಿ ಬಾಫ್ಟಾದವರು ವೀಕ್ಷಕರ ಮತಕ್ಕೇ ಬಿಟ್ಟಿದ್ದ ಪ್ರಶಸ್ತಿಯೂ ಇದಕ್ಕೇ ಬಂತು.

ನೋಡಿದವರಲ್ಲಿ ಮೊದಲ ಗುಂಪು ಒಗಟು ಬಿಡಿಸುವವರದು. ನನ್ನ ಮಗಳು ಈ ಗುಂಪಿನವಳು. ಸ್ಯಾಮ್ ರೇಡಿಯೋ ಹಚ್ಚಿದರೆ ಅದರೊಳಗಿಂದ ವೈದ್ಯರ ಮಾತು, ಫೋನ್ ಎತ್ತಿದರೆ ಆಸ್ಪತ್ರೆಯ ಯಂತ್ರದ ಬೀಪ್ ಸದ್ದು. ಕಾರ್ಯಕ್ರಮಗಳಿಲ್ಲದ ಹೊತ್ತಿನಲ್ಲಿ ಬಿಬಿಸಿ ತೋರಿಸುತ್ತಿದ್ದ ಟೆಸ್ಟ್ ಕಾರ್ಡಿನ ಪುಟ್ಟ ಹುಡುಗಿ ಕೋಡಂಗಿ ಗೊಂಬೆಯನ್ನು ಹಿಡಿದುಕೊಂಡು ತೆರೆಯಿಂದ ಇಳಿದು ಸ್ಯಾಮ್‌ನ ಹಾಸಿಗೆಯ ಪಕ್ಕ ಬಂದು ನಿಲ್ಲುತ್ತಾಳೆ. 'ಅಡಚಣೆಗಾಗಿ ವಿಷಾದಿಸುತ್ತೇವೆ' ಎಂಬ ಫಲಕ ನೋಡುತ್ತಾ ದೂರದರ್ಶನದ ಮುಂದೆ ಕಾದು ಕೂತ ಪೀಳಿಗೆಯವನು ನಾನು. ನಿಂತುಹೋದ ಟೀವಿ ಪರದೆಗೆ ಇಷ್ಟು ಭಯ ತುಂಬಬಹುದೆಂದು ಆ ಹುಡುಗಿಯನ್ನು ನೋಡಿದ ಮೇಲೆಯೇ ನನಗೆ ತಿಳಿದದ್ದು.

ಒಗಟಿನವರ ಕಣ್ಣು ಬಹಳ ಚುರುಕು. ಇಡೀ ಧಾರಾವಾಹಿಯಲ್ಲಿ ಸ್ಯಾಮ್ ಇಲ್ಲದ ದೃಶ್ಯವೇ ಇಲ್ಲ. ಅವನು ನೋಡದ್ದನ್ನು ನಾವೂ ನೋಡುವುದಿಲ್ಲ. ಹಾಗಾದರೆ ಇದು ಅವನ ತಲೆಯೊಳಗಿನ ಲೋಕವೇ ಎಂಬುದು ಅವರ ವಾದ. ಸ್ಯಾಮ್ ಕಣ್ಣು ಬಿಡುವ ಜಾಗದಲ್ಲಿ ಮ್ಯಾಂಕ್ಯೂನಿಯನ್ ವೇ ಎಂಬ ಮೇಲ್ಸೇತುವೆ ರಸ್ತೆ ಇನ್ನು ಮುಂದೆ ಬರಲಿದೆ ಎನ್ನುವ ಫಲಕವಿದೆ. ನಿಜವಾದ ಮ್ಯಾಂಚೆಸ್ಟರಿನಲ್ಲಿ ಆ ರಸ್ತೆ 1967ರಲ್ಲೇ ಮುಗಿದಿತ್ತು. ಇದು ಕಲಾ ನಿರ್ದೇಶಕರ ಕಣ್ತಪ್ಪೋ, ಸ್ಯಾಮ್‌ನ ನೆನಪಿನ ತಪ್ಪೋ? ಹೈಡ್‌ನಿಂದ ಬರುವ ಅಧಿಕಾರಿಯ ಹೆಸರು ಫ್ರಾಂಕ್ ಮಾರ್ಗನ್. 1939ರ 'ದ ವಿಜರ್ಡ್ ಆಫ್ ಆಜ್' ಚಿತ್ರದಲ್ಲಿ ಮಾಂತ್ರಿಕನ ಪಾತ್ರ ಮಾಡಿದ ನಟನ ಹೆಸರೂ ಅದೇ. ಸುಂಟರಗಾಳಿಗೆ ಸಿಕ್ಕಿ ಬೇರೊಂದು ಲೋಕಕ್ಕೆ ಹೋಗಿಬಿದ್ದ ಡೊರೊಥಿಯ ಕಥೆ ಅದು. ಜೀನ್ ಹಂಟ್ ಸ್ಯಾಮ್‌ನನ್ನು ಕೆಣಕುವಾಗ ಕರೆಯುವುದೂ ಡೊರೊಥಿ ಎಂದೇ. ಇಂಥದ್ದನ್ನೆಲ್ಲ ಹೆಕ್ಕಿ ತೆಗೆದು ಒಂದರ ಪಕ್ಕ ಒಂದು ಇಟ್ಟು ನೋಡುವ ಸಂತೋಷ ಸಣ್ಣದಲ್ಲ. ಪತ್ತೇದಾರಿ ಕಥೆಯೊಂದು ನೋಡುಗರನ್ನೇ ಪತ್ತೇದಾರರನ್ನಾಗಿ ಮಾಡಿದ ಬಗೆ ಇದು.

ಎರಡನೆಯ ಗುಂಪಿಗೆ ಒಗಟಿನ ಗೊಡವೆ ಇಲ್ಲ. ನನ್ನ ಹೆಂಡತಿ ಆ ಗುಂಪಿನವಳು. ಮೊದಲ ಸರಣಿಯ ನಾಲ್ಕನೇ ಕಂತಿನಲ್ಲಿ ಸ್ಯಾಮ್ ತನ್ನ ತಾಯಿಯ ಮನೆಯ ಬಾಗಿಲು ತಟ್ಟುತ್ತಾನೆ. ಬಾಗಿಲು ತೆರೆಯುವವಳು ಇನ್ನೂ ಹರೆಯದ ಹೆಣ್ಣುಮಗಳು. ಅವಳ ಮಟ್ಟಿಗೆ ಇವನು ಯಾರೋ ಪೊಲೀಸಿನವನು. ಕೈಯಲ್ಲಿ ಕಾಸಿಲ್ಲದೆ, ಸಾಲದವರಿಗೆ ಹೆದರಿಕೊಂಡು, ನಾಲ್ಕು ವರ್ಷದ ಮಗನನ್ನು ಇಟ್ಟುಕೊಂಡು ಮನೆ ತೂಗಿಸುತ್ತಿರುವ ತಾಯಿ. ಚಿಕ್ಕವನಿದ್ದಾಗ ತನಗೆ ಯಾವುದೂ ಗೊತ್ತಾಗದಂತೆ ಅವಳು ನುಂಗಿಕೊಂಡದ್ದನ್ನೆಲ್ಲ ಮಗ ಈಗ ನಿಂತು ನೋಡುತ್ತಾನೆ. ನಾನು ನಿನ್ನ ಮಗ ಎನ್ನುವಂತಿಲ್ಲ. ಈ ಕಂತು ಮುಗಿದಾಗ ನನ್ನ ಹೆಂಡತಿ, "ಕಾಲ ಹಿಂದಕ್ಕೆ ಹೋಗೋದಾದರೆ ನನಗೆ ರಾಜರೂ ಬೇಡ, ಯುದ್ಧವೂ ಬೇಡ. ನಮ್ಮಮ್ಮನ ಇಪ್ಪತ್ತೈದನೇ ವರ್ಷದಲ್ಲಿ ಅರ್ಧ ದಿನ ಸಾಕು" ಅಂದಳು. ಈ ಧಾರಾವಾಹಿಯ ಬಗ್ಗೆ ನಾನು ಕೇಳಿದ ಅಭಿಪ್ರಾಯಗಳಲ್ಲೆಲ್ಲ ನಿಜವಾದ ವಿಮರ್ಶೆ ಇದೇ ಎಂದು ನನಗನ್ನಿಸಿತು.

ತಂದೆಯ ಕಥೆ ಇನ್ನೂ ಕಠಿಣ. ಮೊದಲ ಸರಣಿಯ ಕೊನೆಗೆ ಸ್ಯಾಮ್‌ಗೆ ಅಪ್ಪ ಸಿಗುತ್ತಾನೆ. ಮಗ ಇಷ್ಟು ವರ್ಷ ಕಾಯುತ್ತಿದ್ದ ಆ ಅಪ್ಪ ಕೊಲೆಗೂ ಹೇಸದ ಅಪರಾಧಿ. ಅವನು ಓಡಿಹೋಗದಂತೆ ತಡೆದರೆ ತನ್ನ ಬಾಲ್ಯ ಸರಿಹೋದೀತು, ತಾನು ಎಚ್ಚರಗೊಂಡೇನು ಎಂದು ನಂಬಿದ್ದ ಸ್ಯಾಮ್ ಕೊನೆಗೆ ಕೈಯಾರೆ ಅವನನ್ನು ಹೋಗಗೊಡುತ್ತಾನೆ. ಹಿಂದಿನ ಕಾಲ ನಾವು ಕಲ್ಪಿಸಿಕೊಂಡಷ್ಟು ಚೆನ್ನಾಗಿರಲಿಲ್ಲ ಎಂಬ ಮಾತನ್ನು ಈ ಧಾರಾವಾಹಿ ಭಾಷಣವಿಲ್ಲದೆ ಹೇಳುವುದು ಹೀಗೆ.

ಮೂರನೆಯ ಗುಂಪು ಎಲ್ಲಕ್ಕಿಂತ ದೊಡ್ಡದು. ಅದು ಜೀನ್ ಹಂಟ್‌ನ ಅಭಿಮಾನಿಗಳ ಗುಂಪು. ಇವನು ಹೆಂಗಸರನ್ನು ಹಗುರವಾಗಿ ಕಾಣುತ್ತಾನೆ, ವಲಸೆ ಬಂದವರನ್ನು ಹೀಯಾಳಿಸುತ್ತಾನೆ, ಆರೋಪಿಯನ್ನು ಗೋಡೆಗೆ ಒತ್ತಿ ಗುದ್ದುತ್ತಾನೆ, ಕುಡಿದು ಕಾರು ಓಡಿಸುತ್ತಾನೆ. ಇವನ ಬೈಗುಳಗಳನ್ನು ಮಕ್ಕಳು ಶಾಲೆಯಲ್ಲಿ ಕಲಿತು ಆಡಿಯಾರೆಂದು 2007ರಲ್ಲಿ ಬ್ರಿಟನ್ನಿನ ಶಿಕ್ಷಕರ ಸಂಘವೊಂದು ಆಕ್ಷೇಪ ಎತ್ತಿತ್ತು. ಆದರೂ ಜನ ಅವನನ್ನು ಎದೆಗೆ ಅಪ್ಪಿಕೊಂಡರು. ಎಷ್ಟರ ಮಟ್ಟಿಗೆ ಎಂದರೆ, 2010ರ ಚುನಾವಣೆಯಲ್ಲಿ ಲೇಬರ್ ಪಕ್ಷ ತನ್ನ ಎದುರಾಳಿ ಡೇವಿಡ್ ಕ್ಯಾಮರಾನ್‌ರನ್ನು ಜೀನ್ ಹಂಟ್‌ನ ವೇಷದಲ್ಲಿ, ಇದರ ಮುಂದುವರಿಕೆಯಾಗಿ ಬಂದ ಧಾರಾವಾಹಿಯಲ್ಲಿ ಹಂಟ್ ಓಡಿಸುತ್ತಿದ್ದ ಆಡಿ ಕಾರಿನ ಮೇಲೆ ಕೂರಿಸಿ, ಇವರು ದೇಶವನ್ನು 1980ರ ದಶಕಕ್ಕೆ ಎಳೆದೊಯ್ಯುತ್ತಾರೆ ಎಂದು ಪೋಸ್ಟರ್ ಹೊರಡಿಸಿತು. ಕನ್ಸರ್ವೇಟಿವ್ ಪಕ್ಷದವರು ಬೇಸರಪಡಲೇ ಇಲ್ಲ. ಅದೇ ಚಿತ್ರವನ್ನು ಎತ್ತಿಕೊಂಡು ತಮ್ಮ ಪರವಾದ ಪೋಸ್ಟರ್ ಮಾಡಿಕೊಂಡರು. ಬೈಯಲು ಬಳಸಿದ ಮುಖ ಹೊಗಳಿಕೆಗೆ ಒದಗಿತು. ಜನರ ಮನಸ್ಸಿನಲ್ಲಿ ಹಂಟ್ ಎಲ್ಲಿ ಕೂತಿದ್ದಾನೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಈ ಪ್ರೀತಿ ನಮಗೆ ಹೊಸದಲ್ಲ. 1988ರಲ್ಲಿ ಶಂಕರ್ ನಾಗ್ 'ಸಾಂಗ್ಲಿಯಾನ' ಆಗಿ ಬಂದಾಗ, 1996ರಲ್ಲಿ ಸಾಯಿಕುಮಾರ್ 'ಪೊಲೀಸ್ ಸ್ಟೋರಿ'ಯಲ್ಲಿ ಅಬ್ಬರಿಸಿದಾಗ ಚಿತ್ರಮಂದಿರಗಳಲ್ಲಿ ಬಿದ್ದ ಶಿಳ್ಳೆಗಳ ಹಿಂದೆಯೂ ಇದೇ ಪ್ರೀತಿ ಇತ್ತು. ಕೋರ್ಟು ಕಚೇರಿ ಅಲೆದು ಸುಸ್ತಾದವನಿಗೆ, ವಾಯಿದೆ ಮೇಲೆ ವಾಯಿದೆ ಬಿದ್ದು ಕೂದಲು ನರೆತವನಿಗೆ, ಒಂದೇ ಏಟಿಗೆ ನ್ಯಾಯ ಕೊಡುವ ಇನ್ಸ್‌ಪೆಕ್ಟರ್ ದೇವರಂತೆ ಕಾಣುತ್ತಾನೆ. ನನ್ನ ಅಕ್ಕನ ಮಗ ಹಂಟ್‌ನ ಕಡೆಯ ವಕೀಲ. "ಅವನು ಹೊಡೀತಾನೆ ಮಾಮ, ಆದರೆ ಊರು ತನ್ನದು ಅಂದುಕೊಂಡಿದಾನೆ. ಈಗಿನವರಿಗೆ ಊರು ಬರೀ ಪೋಸ್ಟಿಂಗು" ಎನ್ನುತ್ತಾನೆ. ಇದರಲ್ಲಿ ಸತ್ಯವಿದೆ. ಹಂಟ್‌ಗೆ ಪ್ರತಿ ಬೀದಿಯೂ ಗೊತ್ತು. ಕ್ಲಬ್ಬಿನ ಮಾಲೀಕನ ದುಡ್ಡು ಮುಟ್ಟಿದವನೇ ಕೊನೆಗೆ ಅವನ ವಿರುದ್ಧ ತಿರುಗಿ ನಿಲ್ಲುತ್ತಾನೆ. ತನಗೆ ಕೆಲಸ ಕಲಿಸಿದ ಹಿರಿಯ ಅಧಿಕಾರಿಯೇ ಭ್ರಷ್ಟನೆಂದು ತಿಳಿದಾಗ ಅವನ ಮುಖದಲ್ಲಿ ಕಾಣುವ ನೋವು ನಟನೆ ಎಂದು ಅನ್ನಿಸುವುದೇ ಇಲ್ಲ. ನಾನೂ ಹಂಟ್‌ನನ್ನು ಪ್ರೀತಿಸುತ್ತೇನೆ. ಆ ಪ್ರೀತಿಯನ್ನು ಇಟ್ಟುಕೊಂಡೇ ನನಗೊಂದು ತಕರಾರಿದೆ.

ತಕರಾರು ಹುಟ್ಟಿಸಿದವರು ನಮ್ಮ ಸೋದರಮಾವ. ಅವರು ಬಹಳ ವರ್ಷ ಪೊಲೀಸ್ ಠಾಣೆಯಲ್ಲಿ ರೈಟರ್ ಆಗಿದ್ದು ನಿವೃತ್ತರಾದವರು. ಲಾಠಿಗಿಂತ ಹೆಚ್ಚಾಗಿ ಪೆನ್ನು ಹಿಡಿದ ಕೈ. ರಜೆಗೆ ಬಂದಿದ್ದಾಗ ನಮ್ಮ ಜೊತೆ ಕೂತು ನೋಡಿದರು. ಮಗಳು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತಿದ್ದಳು. ಹಂಟ್ ಒಬ್ಬನನ್ನು ಎಳೆದುತಂದು, ಕಳೆದುಹೋದ ಸಾಮಾನು ಇಡುವ ಕೋಣೆಯಲ್ಲಿ ಕೂರಿಸಿ ಬೆಂಡೆತ್ತುವ ದೃಶ್ಯ. ಉಳಿದವರೆಲ್ಲ ಹಂಟ್‌ನ ಮಾತಿಗೆ ನಗುತ್ತಿದ್ದರು. ಮಾವ ಮುಂದಕ್ಕೆ ಬಾಗಿ, "ಈ ಸ್ಟೇಷನ್ನಿನಲ್ಲಿ ರೈಟರ್ ಎಲ್ಲಮ್ಮ? ಆಸಾಮಿನ ಎಷ್ಟು ಗಂಟೆಗೆ ಕರ್ಕೊಂಡು ಬಂದರು ಅಂತ ಬರೆದೋರು ಯಾರು?" ಅಂದರು.

ಮಗಳು, "ಅದೆಲ್ಲ ತೋರಿಸಲ್ಲ ತಾತ, ಬೋರ್ ಆಗುತ್ತೆ" ಎಂದಳು.

"ಬೋರ್ ಆಗಬೇಕಮ್ಮ. ಸ್ಟೇಷನ್ನು ಬೋರ್ ಆಗಿದ್ದಷ್ಟೂ ಒಳಗಿರೋನಿಗೆ ಒಳ್ಳೇದು" ಎಂದ ಮಾವ ಒಂದು ಪ್ರಸಂಗ ಹೇಳಿದರು. ಪಂಪ್‌ಸೆಟ್ಟಿನ ಮೋಟಾರು ಕಳವಾದ ಗುಮಾನಿಯ ಮೇಲೆ ರಾತ್ರಿ ಒಬ್ಬ ಹುಡುಗನನ್ನು ಕರೆತಂದಿದ್ದರು. ಬೆಳಿಗ್ಗೆ ನೋಡೋಣ, ಈಗಲೇ ಏನೂ ಬರೆಯಬೇಡ ಎಂದು ಮೇಲಿನವರ ಮಾತು. ಮಾವ ಸ್ಟೇಷನ್ ಡೈರಿ ತೆಗೆದು ಬರೆದರು: ಹೆಸರು, ತಂದೆಯ ಹೆಸರು, ಊರು, ಕರೆತಂದ ಹೊತ್ತು, ಕರೆತಂದವರು ಯಾರು, ಜೇಬಿನಲ್ಲಿದ್ದದ್ದು ಏನು, ಮೈಮೇಲೆ ಗಾಯವಿಲ್ಲ. ಬರೆದ ಮೇಲೆ ಓದಿ ಹೇಳಿದರು. ಆ ರಾತ್ರಿ ಹುಡುಗನ ಮೈಮೇಲೆ ಯಾರೂ ಕೈ ಮಾಡಲಿಲ್ಲ. "ಬರೆದರೆ ಅವನು ಲೆಕ್ಕಕ್ಕೆ ಸಿಕ್ಕ. ಬರೆಯದೇ ಇದ್ದಿದ್ದರೆ ಅವತ್ತು ರಾತ್ರಿ ಅವನು ಭೂಮಿ ಮೇಲೆ ಎಲ್ಲೂ ಇಲ್ಲ" ಎಂದರು. ಆಮೇಲೆ ಹಂಟ್‌ನ ಮಾತಿಗೆ ನಗುವುದು ನಮಗೆ ಮೊದಲಿನಷ್ಟು ಸಲೀಸಾಗಲಿಲ್ಲ.

ಸ್ಯಾಮ್ ಕೇಳುವುದೂ ಅದನ್ನೇ. ವಿಚಾರಣೆಯನ್ನು ಟೇಪ್ ಮಾಡಿ, ವಕೀಲರನ್ನು ಕರೆಸಿ, ಸಾಕ್ಷ್ಯವನ್ನು ಕಾಪಾಡಿ ಎಂದು ಅವನು ಹೇಳಿದಾಗಲೆಲ್ಲ ಇಡೀ ಠಾಣೆ ನಗುತ್ತದೆ. ಮೊದಲ ಸರಣಿಯ ಏಳನೇ ಕಂತಿನಲ್ಲಿ ಲಾಕಪ್ಪಿನಲ್ಲಿದ್ದ ಒಬ್ಬ ಸತ್ತುಹೋಗುತ್ತಾನೆ. ಎಲ್ಲರಿಗೂ ಮುಚ್ಚಿಹಾಕುವ ಆತುರ. ಸ್ಯಾಮ್ ಒಬ್ಬನೇ ತನ್ನ ಸಹೋದ್ಯೋಗಿಗಳನ್ನು ಎದುರಿಗೆ ಕೂರಿಸಿ, ಟೇಪ್ ರೆಕಾರ್ಡರ್ ಹಚ್ಚಿ ಹೇಳಿಕೆ ಪಡೆಯುತ್ತಾನೆ. ಬಾಯಿ ಬಿಡಿಸಲೆಂದು ಅವರಲ್ಲೊಬ್ಬನಾದ ರೇ ಕಾರ್ಲಿಂಗ್ ಆ ಮನುಷ್ಯನಿಗೆ ಬಲವಂತವಾಗಿ ಕೊಕೇನ್ ತಿನ್ನಿಸಿದ್ದ ಎಂಬುದು ಹೊರಬರುತ್ತದೆ. ಆದರೆ ಪ್ರಕರಣ ಕೋರ್ಟಿನ ಮೆಟ್ಟಿಲು ಹತ್ತುವುದಿಲ್ಲ. ರೇಗೆ ಹಿಂಬಡ್ತಿಯಾಗುತ್ತದೆ, ಅಷ್ಟೇ. ಇಡೀ ಧಾರಾವಾಹಿಯಲ್ಲಿ ನಗುವಿಗೆ ಎಡೆಯೇ ಇಲ್ಲದ ಕಂತು ಇದು. ಹಂಟ್‌ನ ಅಭಿಮಾನಿಗಳು ಸಾಮಾನ್ಯವಾಗಿ ಇದರ ಹೆಸರೆತ್ತುವುದಿಲ್ಲ.

ತೆರೆಯ ಮೇಲೆ ಹಂಟ್‌ನ ಗುಮಾನಿ ಸಾಮಾನ್ಯವಾಗಿ ನಿಜವಾಗುತ್ತದೆ. ಗುದ್ದು ಸರಿಯಾದವನಿಗೇ ಬೀಳುತ್ತದೆ. ಕಥೆ ಬರೆದವರಿಗೆ ಅಪರಾಧಿ ಯಾರೆಂದು ಮೊದಲೇ ಗೊತ್ತು. ನಿಜವಾದ 1970ರ ದಶಕದಲ್ಲಿ ಅದು ಯಾರಿಗೂ ಗೊತ್ತಿರಲಿಲ್ಲ. ಮ್ಯಾಂಚೆಸ್ಟರಿನ ಮಗ್ಗುಲಲ್ಲೇ ಇರುವ ರಾಚ್‌ಡೇಲ್‌ನಲ್ಲಿ ತೆರಿಗೆ ಕಚೇರಿಯ ಗುಮಾಸ್ತನಾಗಿದ್ದ ಸ್ಟೆಫಾನ್ ಕಿಸ್ಕೋ ಎಂಬ ಯುವಕ ತಾಯಿಯ ಜೊತೆ ವಾಸವಾಗಿದ್ದ. 1975ರಲ್ಲಿ ಹನ್ನೊಂದು ವರ್ಷದ ಹುಡುಗಿಯೊಬ್ಬಳ ಕೊಲೆಯಾದಾಗ ಪಕ್ಕದ ವೆಸ್ಟ್ ಯಾರ್ಕ್‌ಷೈರ್ ಪೊಲೀಸರು ಅವನನ್ನು ಹಿಡಿದರು. ವಕೀಲರಿಲ್ಲದೆ ದಿನಗಟ್ಟಲೆ ವಿಚಾರಣೆ ನಡೆಯಿತು. ಒಪ್ಪಿಕೊಂಡರೆ ಮನೆಗೆ ಹೋಗಬಹುದೆಂದು ನಂಬಿ ಅವನು ಒಪ್ಪಿಕೊಂಡ. 1976ರಲ್ಲಿ ಜೀವಾವಧಿ ಶಿಕ್ಷೆಯಾಯಿತು. ಹುಡುಗಿಯ ಬಟ್ಟೆಯ ಮೇಲಿನ ಕಲೆಯಲ್ಲಿ ವೀರ್ಯಾಣುಗಳಿದ್ದವು. ಕಿಸ್ಕೋನ ದೇಹದಲ್ಲಿ ಅವು ಹುಟ್ಟುತ್ತಲೇ ಇರಲಿಲ್ಲ. ಅವನನ್ನು ಬಿಡಿಸಬಹುದಾಗಿದ್ದ ಆ ಸಂಗತಿ ಅಂದಿನ ವಿಚಾರಣೆಯಲ್ಲಿ ಹೊರಗೆ ಬರಲಿಲ್ಲ. ಮಗ ನಿರಪರಾಧಿ ಎಂದು ತಾಯಿ ಒಬ್ಬಳೇ ಬಾಗಿಲು ಬಾಗಿಲಿಗೆ ಅಲೆದಳು. 1992ರಲ್ಲಿ ಅವನ ಬಿಡುಗಡೆಯಾಯಿತು. 1993ರ ಡಿಸೆಂಬರಿನಲ್ಲಿ, ನಲವತ್ತೊಂದನೇ ವಯಸ್ಸಿಗೆ ಅವನು ತೀರಿಕೊಂಡ. ಕೆಲವೇ ತಿಂಗಳಲ್ಲಿ ತಾಯಿಯೂ ಹೋದಳು. ಡಿಎನ್‌ಎ ಸಾಕ್ಷ್ಯದ ಮೇಲೆ ನಿಜವಾದ ಕೊಲೆಗಾರನಿಗೆ ಶಿಕ್ಷೆಯಾದದ್ದು 2007ರ ನವೆಂಬರಿನಲ್ಲಿ. 'ಲೈಫ್ ಆನ್ ಮಾರ್ಸ್' ಮುಗಿದದ್ದೂ ಅದೇ ವರ್ಷ. ಬ್ರಿಟನ್ ಜೀನ್ ಹಂಟ್‌ನನ್ನು ಪ್ರೀತಿಯಿಂದ ಬೀಳ್ಕೊಟ್ಟ ವರ್ಷದಲ್ಲೇ ಹಂಟ್‌ನ ಕಾಲದ ತಪ್ಪೊಂದರ ಕೊನೆಯ ಕಡತ ಮುಚ್ಚಿತು.

ಇಂಥ ಪ್ರಕರಣಗಳು ಒಂದೆರಡಲ್ಲ. 1974ರ ಬಾಂಬ್ ಸ್ಫೋಟಗಳಿಗಾಗಿ ಶಿಕ್ಷೆಗೊಳಗಾದ ಗಿಲ್ಡ್‌ಫರ್ಡಿನ ನಾಲ್ವರು 1989ರಲ್ಲಿ, ಬರ್ಮಿಂಗ್‌ಹ್ಯಾಮಿನ ಆರು ಮಂದಿ 1991ರಲ್ಲಿ ನಿರಪರಾಧಿಗಳೆಂದು ಹೊರಬಂದರು. ಅವರ ತಪ್ಪೊಪ್ಪಿಗೆಗಳೂ ಠಾಣೆಯ ಮುಚ್ಚಿದ ಬಾಗಿಲ ಹಿಂದೆಯೇ ಹುಟ್ಟಿದ್ದವು. ಬ್ರಿಟನ್ 1984ರಲ್ಲಿ ಹೊಸ ಕಾನೂನು ತಂದು ವಕೀಲರ ಹಕ್ಕನ್ನು ಗಟ್ಟಿ ಮಾಡಿತು, ವಿಚಾರಣೆಯನ್ನು ಟೇಪ್ ಮಾಡಿಸುವ ದಾರಿ ತೆರೆಯಿತು. ತನಿಖೆಗೆ ಸಂಬಂಧಪಡದ ಅಧಿಕಾರಿಯೊಬ್ಬ ಬಂಧಿತನ ಮೇಲೆ ಕಣ್ಣಿಟ್ಟು, ಎಷ್ಟು ಗಂಟೆಗೆ ಬಂದ, ಯಾವಾಗ ಊಟ ಕೊಟ್ಟರು, ಯಾರು ಭೇಟಿಯಾದರು ಎಂದು ಬರೆದಿಡುವ ಪದ್ಧತಿಯೂ ಆಗಲೇ ಬಂತು. ಮಾವ ಕೇಳಿದ ರೈಟರ್ ಬ್ರಿಟನ್ನಿನವರಿಗೆ ಸಿಕ್ಕಿದ್ದು ಹಾಗೆ.

ನಮ್ಮಲ್ಲಿ ಪೊಲೀಸರ ಮುಂದಿನ ತಪ್ಪೊಪ್ಪಿಗೆ ಸಾಕ್ಷ್ಯವಾಗದೆಂದು 1872ರ ಕಾಯ್ದೆಯಲ್ಲೇ ಇತ್ತು. ಬಂಧಿಸುವಾಗ ಹೊತ್ತು, ದಿನಾಂಕ ನಮೂದಿಸಿ ಸಾಕ್ಷಿಯ ಸಹಿ ಪಡೆಯಬೇಕು, ಮನೆಯವರಿಗೆ ತಿಳಿಸಬೇಕು, ನಲವತ್ತೆಂಟು ಗಂಟೆಗೊಮ್ಮೆ ವೈದ್ಯರಿಂದ ತಪಾಸಣೆ ಮಾಡಿಸಬೇಕು ಎಂದು ಡಿ.ಕೆ. ಬಸು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು 1996ರ ಡಿಸೆಂಬರಿನಲ್ಲಿ. 'ಪೊಲೀಸ್ ಸ್ಟೋರಿ' ತೆರೆಗೆ ಬಂದ ವರ್ಷವೂ ಅದೇ. ಠಾಣೆಗಳಲ್ಲಿ ಸಿಸಿಟಿವಿ ಇರಲೇಬೇಕೆಂದು ನ್ಯಾಯಾಲಯ 2020ರಲ್ಲಿ ಹೇಳಿತು. 2024ರ ಜುಲೈ 1ರಿಂದ ಶೋಧ, ಜಪ್ತಿಗಳ ವಿಡಿಯೋ ಚಿತ್ರೀಕರಣವನ್ನು ಹೊಸ ಸಂಹಿತೆ ಕಡ್ಡಾಯ ಮಾಡಿದೆ. ಈ ಸಾಲುಗಳಿಗೆ ಯಾವ ಚಿತ್ರಮಂದಿರದಲ್ಲೂ ಶಿಳ್ಳೆ ಬೀಳುವುದಿಲ್ಲ. ಆದರೆ ಬಡವನೊಬ್ಬ ರಾತ್ರಿ ಲಾಕಪ್ಪಿಗೆ ಹೋಗಿ ಬೆಳಿಗ್ಗೆ ನಡೆದುಕೊಂಡೇ ಮನೆಗೆ ಬರುವುದು ಈ ಸಾಲುಗಳ ಬಲದಿಂದ.

ಇನ್ನು ಎಲ್ಲರೂ ಕಾದಾಡುವ ಕೊನೆಯ ಕಂತಿಗೆ ಬರುತ್ತೇನೆ. ಸ್ಯಾಮ್ ಎಚ್ಚರಗೊಳ್ಳುತ್ತಾನೆ. ತನ್ನ ಕಾಲಕ್ಕೆ ಮರಳುತ್ತಾನೆ. ಆದರೆ ಆ ಹೊತ್ತಿಗೆ 1973ರಲ್ಲಿ ಅವನ ಸಂಗಡಿಗರು ರೈಲಿನ ಸುರಂಗವೊಂದರಲ್ಲಿ ದರೋಡೆಕೋರರ ಗುಂಡಿಗೆ ಸಿಕ್ಕಿದ್ದಾರೆ. ಅವರನ್ನು ಬಿಟ್ಟು ಬಂದಿದ್ದಾನೆ. ಬಿಟ್ಟು ಹೋಗುವುದಿಲ್ಲವೆಂದು ಆನಿ ಕಾರ್ಟ್‌ರೈಟ್ ಎಂಬ ಮಹಿಳಾ ಪೊಲೀಸಿಗೆ ಮಾತು ಕೊಟ್ಟಿದ್ದ. ಇತ್ತ ಗಾಜಿನ ಗೋಡೆಯ ಕೋಣೆಯಲ್ಲಿ ಸಭೆ ನಡೆಯುತ್ತಿದೆ. ಎಲ್ಲರೂ ಒಂದೇ ದನಿಯಲ್ಲಿ ಮಾತಾಡುತ್ತಿದ್ದಾರೆ. ಸ್ಯಾಮ್ ನೋಡಿದರೆ ಅವನ ಕೈ ಗೀರಿ ರಕ್ತ ಬಂದಿದೆ, ನೋವೇ ಆಗಿಲ್ಲ. ನೋವು ಗೊತ್ತಾಗುವವರೆಗೂ ಮನುಷ್ಯ ಬದುಕಿರುತ್ತಾನೆಂದು ಅವರೆಲ್ಲ ಹೋಗುತ್ತಿದ್ದ ಪಬ್ಬಿನ ನೆಲ್ಸನ್ ಹೇಳಿದ್ದ ಮಾತು ಅವನಿಗೆ ನೆನಪಿದೆ. ಎದ್ದು ಮಹಡಿಯ ಮೇಲಕ್ಕೆ ಹೋಗುತ್ತಾನೆ, ಓಡುತ್ತಾನೆ, ಜಿಗಿಯುತ್ತಾನೆ. ಜಿಗಿದವನು ಇಳಿಯುವುದು ಸುರಂಗದೊಳಗೆ. ಎಲ್ಲರೂ ಬದುಕುತ್ತಾರೆ. ಹಂಟ್‌ನ ಕಾರ್ಟಿನಾ ಕಾರಿನ ರೇಡಿಯೋದಲ್ಲಿ, ರೋಗಿ ಕೈತಪ್ಪುತ್ತಿದ್ದಾನೆ ಎಂಬ ಆಸ್ಪತ್ರೆಯ ದನಿ ಬಂದಾಗ ಸ್ಯಾಮ್ ಸ್ಟೇಷನ್ ಬದಲಿಸುತ್ತಾನೆ.

ಮೊದಲ ಕಂತಿನಲ್ಲೂ ಸ್ಯಾಮ್ ಒಂದು ಕಟ್ಟಡದ ಅಂಚಿನಲ್ಲಿ ನಿಂತಿದ್ದ. ಜಿಗಿದರೆ ಎಚ್ಚರವಾಗಬಹುದೆಂದು. ಆಗ ಆನಿ ಬಂದು ಕೈ ಚಾಚಿ ತಡೆದಿದ್ದಳು. ಕೊನೆಯ ಕಂತಿನ ಮಹಡಿಯ ಮೇಲೆ ತಡೆಯಲು ಯಾರೂ ಇಲ್ಲ. ಮಗಳು ಇದನ್ನು ಕೊನೆಯವರೆಗೂ ಒಪ್ಪಲಿಲ್ಲ. "ಬದುಕು ಬಣ್ಣ ಕಳಕೊಂಡಿದೆ ಅಂತ ಜಿಗಿಯೋದನ್ನ ಇಷ್ಟು ಚಂದ ತೋರಿಸಬಾರದು" ಎಂದು ಕಣ್ಣೊರೆಸಿಕೊಂಡಳು. ಅವನ ಜಿಗಿತ ಪ್ರೀತಿಯ ಕಡೆಗೆ, ಕೊಟ್ಟ ಮಾತಿನ ಕಡೆಗೆ ಎನ್ನುವವರು ಬಹಳ ಮಂದಿ. ನನ್ನ ಮತ ಮಗಳಿಗೆ. ದೃಶ್ಯ ಅದ್ಭುತವಾಗಿದೆ, ಸಂಗೀತ ಎದೆ ಹಿಂಡುತ್ತದೆ. ಅಷ್ಟಕ್ಕೇ ನಾವು ಎಚ್ಚರವಾಗಿರಬೇಕು. ಏನೂ ಅನ್ನಿಸದಂತಾಗುವುದು ಒಂದು ಕಾಯಿಲೆ. ಅದನ್ನು ಆನಿಯಂಥವರೊಬ್ಬರು ಪಕ್ಕದಲ್ಲಿ ನಿಂತು ವಾಸಿ ಮಾಡಬಹುದು.

ಮುಂದೆ 'ಆಶಸ್ ಟು ಆಶಸ್' ಎಂಬ ಹೆಸರಿನಲ್ಲಿ ಕಥೆ ಲಂಡನ್ನಿಗೆ, 1981ಕ್ಕೆ ಹೋಯಿತು. ಸ್ಯಾಮ್‌ನ ಪ್ರಕರಣವನ್ನು ಅಭ್ಯಾಸ ಮಾಡಿದ್ದ ಅಲೆಕ್ಸ್ ಡ್ರೇಕ್ ಎಂಬ ಅಧಿಕಾರಿಣಿಗೆ ಗುಂಡು ತಗುಲಿ ಅವಳೂ ಹಂಟ್‌ನ ಠಾಣೆಗೆ ಬರುತ್ತಾಳೆ. 2010ರ ಮೇ 21ರಂದು ಒಗಟು ಒಡೆಯಿತು. ಅದು ಸತ್ತ ಪೊಲೀಸರು ಮುಂದಿನ ದಾರಿ ಕಾಣುವವರೆಗೆ ತಂಗುವ ಲೋಕ. ತ್ರಿಶಂಕುವಿನಂತೆ ಅತ್ತಲೂ ಅಲ್ಲ, ಇತ್ತಲೂ ಅಲ್ಲ. ಹಂಟ್ ಸ್ವತಃ 1953ರಲ್ಲಿ ರಾಣಿಯ ಪಟ್ಟಾಭಿಷೇಕದ ದಿನ ಗುಂಡೇಟಿಗೆ ಬಲಿಯಾದ ಎಳೆಯ ಕಾನ್‌ಸ್ಟೇಬಲ್. ವಿವರಿಸಿ ಕೆಡಿಸಿದರು ಎಂದು ಕೆಲವರು ನೊಂದುಕೊಂಡರು. ನನಗೆ ಹಂಟ್ ಅರ್ಥವಾದದ್ದೇ ಆಗ. ಪ್ರಾಯ ತುಂಬುವ ಮೊದಲೇ ಸತ್ತ ಹುಡುಗನೊಬ್ಬ ತಾನು ಆಗಬೇಕೆಂದುಕೊಂಡಿದ್ದ ಗಟ್ಟಿ ಪೊಲೀಸನ ವೇಷ ಅದು. ಆ ಅಬ್ಬರದ ಕೆಳಗೆ ಹೆದರಿದ ಮಗುವೊಂದು ಇತ್ತು.

ಬೇರೆ ದೇಶಗಳವರೂ ಈ ಕಥೆಯನ್ನು ತಮ್ಮದಾಗಿಸಿಕೊಂಡರು. ಅಮೆರಿಕದ ರೂಪದ ಕೊನೆಗೆ ಎಲ್ಲರೂ ಮಂಗಳ ಗ್ರಹಕ್ಕೆ ಹೊರಟ ಗಗನಯಾತ್ರಿಗಳೆಂದು ತೋರಿಸಿದಾಗ ಬಹಳ ಮಂದಿ ನಿರಾಶರಾದರು. ಉಳಿದವರು ಆರಿಸಿಕೊಂಡ ಇಸವಿಗಳು ಮಾತಾಡುತ್ತವೆ. ಸ್ಪೇನಿನವರು 1977ಕ್ಕೆ ಹೋದರು, ಸರ್ವಾಧಿಕಾರ ಕಳೆದು ಚುನಾವಣೆ ಬಂದ ವರ್ಷಕ್ಕೆ. ಜೆಕ್ ದೇಶದವರು ಕಮ್ಯುನಿಸ್ಟ್ ಆಡಳಿತದ 1982ಕ್ಕೆ. ಕೊರಿಯಾದವರು ಸೋಲ್ ಒಲಿಂಪಿಕ್ಸ್ ನಡೆದ 1988ಕ್ಕೆ. ಕನ್ನಡದಲ್ಲಿ ಮಾಡುವುದಾದರೆ ನಾನು 1976ರ ಬೆಂಗಳೂರನ್ನು ಆರಿಸುತ್ತೇನೆ. ಒಂದು ಬದಿ ಮಡಚಿದ ಹ್ಯಾಟಿನ ಪೇದೆಗಳು, ಅಂಬಾಸಡರ್ ಕಾರು, ಕಬ್ಬನ್ ಪಾರ್ಕಿನ ನೆರಳು ಎಲ್ಲವೂ ಕಣ್ಣಿಗೆ ತಂಪು. ಆದರೆ ಅದು ತುರ್ತು ಪರಿಸ್ಥಿತಿಯ ವರ್ಷ. 'ಸಂಸ್ಕಾರ' ಚಿತ್ರದ ನಟಿ ಸ್ನೇಹಲತಾ ರೆಡ್ಡಿ ಆಸ್ತಮಾದಿಂದ ಉಸಿರುಗಟ್ಟುತ್ತಾ ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿದ್ದ ವರ್ಷ. 1977ರ ಜನವರಿಯಲ್ಲಿ ಹೊರಬಂದ ಕೆಲವೇ ದಿನಗಳಲ್ಲಿ ಅವರು ತೀರಿಕೊಂಡರು. ನಮ್ಮ ಸ್ಯಾಮ್ ಅಲ್ಲಿ ಕಣ್ಣು ಬಿಟ್ಟರೆ ಹಳೆಯ ಬೆಂಗಳೂರಿನ ಚೆಲುವನ್ನೂ ಆ ಜೈಲಿನ ಗೋಡೆಯನ್ನೂ ಒಟ್ಟಿಗೆ ನೋಡಬೇಕಾಗುತ್ತದೆ.

ಹಳೆಯ ಕಾಲವನ್ನು ಪ್ರೀತಿಸುವುದು ತಪ್ಪೇನಲ್ಲ. 'ಲೈಫ್ ಆನ್ ಮಾರ್ಸ್' 1973ನ್ನು ಬೆಚ್ಚಗಿನ ಕಂದು ಬಣ್ಣದಲ್ಲಿ, ತನ್ನ ಕಾಲವನ್ನು ತಣ್ಣನೆಯ ಬೂದು ನೀಲಿಯಲ್ಲಿ ಚಿತ್ರಿಸಿದೆ. ನೋಡುಗರ ಮನಸ್ಸು ಕಂದಿನ ಕಡೆ ವಾಲುವುದು ಸಹಜ. ನಾನು ಬೂದಿಯ ಬಣ್ಣದ ಕಡೆಯವನು. ಆ ಸಭೆ, ಆ ಫಾರಂಗಳು, ಆ ಟೇಪ್ ರೆಕಾರ್ಡರ್ ಬಂದದ್ದು ಕಿಸ್ಕೋನಂಥವರು ಪಟ್ಟ ಪಾಡಿನಿಂದ. ಅವುಗಳಲ್ಲಿ ಕಾವು ಇಲ್ಲವೆಂದರೆ ಕಾವು ತುಂಬಬೇಕಾದವರು ನಾವು. ಊರು ತನ್ನದು ಎನ್ನುವ ಹಂಟ್‌ನ ಅಭಿಮಾನ ಸ್ಯಾಮ್‌ನ ಕೋಣೆಗೆ ಬರಲಿ. ಹಂಟ್‌ನ ಮುಷ್ಟಿ ಅವನ ಕಾಲದಲ್ಲೇ ಉಳಿಯಲಿ. ಸ್ಯಾಮ್ ತನ್ನ ಕಾಲದಲ್ಲಿ ಉಳಿದುಕೊಂಡು ಆ ಕೆಲಸ ಮಾಡಿದ್ದರೆ ನನಗೆ ಇನ್ನೂ ಹೆಚ್ಚು ಸಂತೋಷವಾಗುತ್ತಿತ್ತು.

ಈ ಧಾರಾವಾಹಿ ನೋಡಿ ಮುಗಿಸಿದವರಿಗೆ ನಾನು ಕೇಳುವ ಪ್ರಶ್ನೆ ಒಂದೇ. ನಿಮ್ಮ ಮಗನನ್ನು ನಡುರಾತ್ರಿ ಠಾಣೆಗೆ ಕರೆದುಕೊಂಡು ಹೋದರೆ ಅಲ್ಲಿನ ಕುರ್ಚಿಯಲ್ಲಿ ಯಾರು ಇರಬೇಕು, ಹಂಟೋ ಸ್ಯಾಮೋ? ಈವರೆಗೆ ಯಾರೂ ಹಂಟ್ ಎಂದಿಲ್ಲ. ಹಂಟ್‌ನ ವಕೀಲನಾದ ನನ್ನ ಅಕ್ಕನ ಮಗನೂ ಸ್ಯಾಮ್ ಎಂದೇ ಹೇಳಿದ. ಹಾಗಾದರೆ ಬೇರೆಯವರ ಮಕ್ಕಳಿಗೂ ಸ್ಯಾಮ್ ಸಿಗಬೇಕು. ಪಂಪ್‌ಸೆಟ್ ಕದ್ದನೆಂಬ ಗುಮಾನಿ ಇರುವ ಹುಡುಗನಿಗೂ ಸಿಗಬೇಕು, ನಿಜವಾಗಿಯೂ ಕದ್ದವನಿಗೂ ಸಿಗಬೇಕು. ಹಂಟ್‌ನನ್ನು ತೆರೆಯ ಮೇಲೆ ಎಷ್ಟು ಬೇಕಾದರೂ ಪ್ರೀತಿಸೋಣ. ಠಾಣೆಯಲ್ಲಿ ನಮಗೆ ಬೇಕಾದವನು ಹೊತ್ತು ಬರೆದು, ಗಾಯ ನೋಡಿ, ಟೇಪ್ ಹಚ್ಚಿ, ಆಮೇಲೆ ಪ್ರಶ್ನೆ ಕೇಳುವವನು.